ಪದಬಂಧದ ಕರ್ತೃತ್ವ ವಿಚಾರ

ಕವಿರಾಜಮಾರ್ಗವು ನೃಪತುಂಗನದೋ ಶ್ರೀವಿಜಯನದೋ ಎಂಬ ಪ್ರಶ್ನೆಯು ಕನ್ನಡ ಸಾಹಿತ್ಯಚರಿತ್ರೆಯಲ್ಲಿ ಬಹುಕಾಲ ಚರ್ಚಿತವಾದುದು. ಒಬ್ಬನ ಸಮ್ಮತಿ, ಇನ್ನೊಬ್ಬನ ರಚನೆ ಎಂಬ ಸಮಾಧಾನದಲ್ಲಿ ಅನೇಕ ವಿದ್ವಾಂಸರು ನೆಲೆನಿಂತಿದ್ದಾರೆ. ಇಂತಹ ಪ್ರಶ್ನೆಯನ್ನು ದಿನಪತ್ರಿಕೆಯ ಮೂಲೆಯಲ್ಲಿ ಅಚ್ಚಾಗಿ ಮರುದಿನವೇ ರದ್ದಿಗೆ ಸೇರುವ ಪದಬಂಧದ ವಿಷಯದಲ್ಲಿ ಎತ್ತುವುದು ಅತಿಯೆಂದು ತೋರಬಹುದು. ಆದರೆ ೧೯೪೪ರ ಬೇಸಗೆಯಲ್ಲಿ ಇಂಗ್ಲೆಂಡಿನ ಗುಪ್ತಚರ ಇಲಾಖೆಯವರು ಇದೇ ಪ್ರಶ್ನೆಯನ್ನು ಹಿಡಿದುಕೊಂಡು ಒಬ್ಬ ವೃದ್ಧಪ್ರಾಯನಾದ ಮುಖ್ಯೋಪಾಧ್ಯಾಯನನ್ನು ವಿಚಾರಣೆಗೆ ಗುರಿಮಾಡಿದರು. ಕೆಲವು ಮಾತುಗಳನ್ನು ಕೆಲವು ಮನೆಗಳಲ್ಲಿ ಕೂರಿಸಿದವರು ಯಾರು, ಎಲ್ಲಿಂದ ತಂದು ಕೂರಿಸಿದರು ಎಂಬುದಷ್ಟೇ ಅವರಿಗೆ ಬೇಕಾಗಿದ್ದ ವಿಷಯ. ಉತ್ತರವು ತಪ್ಪಾಗಿದ್ದರೆ ಸಹಸ್ರಾರು ಸೈನಿಕರ ಪ್ರಾಣಕ್ಕೆ ಅದು ತಗಲುತ್ತಿತ್ತು. ಪದಬಂಧವನ್ನು ರಚಿಸುವವನು ಒಬ್ಬನೇ ಎಂಬ ಸಾಮಾನ್ಯ ನಂಬಿಕೆಯೇ ಆ ವಿಚಾರಣೆಗೆ ಆಧಾರವಾಗಿತ್ತು. ಆ ನಂಬಿಕೆ ಎಷ್ಟರ ಮಟ್ಟಿಗೆ ಸರಿಯೆಂಬುದನ್ನು ಈ ಕಲೆಯ ಚರಿತ್ರೆಯಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಪದಬಂಧದ ರಚನೆಯಲ್ಲಿ ಎರಡು ಬೇರೆ ಬೇರೆ ಕೆಲಸಗಳಿವೆ. ಮನೆಗಳ ಚೌಕಟ್ಟನ್ನು ಗೀಚಿ, ಕಪ್ಪುಮನೆಗಳನ್ನು ಗೊತ್ತುಮಾಡಿ, ಉಳಿದ ಬಿಳಿಯ ಮನೆಗಳಲ್ಲಿ ಎಡದಿಂದ ಬಲಕ್ಕೂ ಮೇಲಿನಿಂದ ಕೆಳಕ್ಕೂ ಪದಗಳು ಒಂದನ್ನೊಂದು ಹಾಯುವಂತೆ ಹೊಂದಿಸುವುದು ಮೊದಲನೆಯದು. ಹೀಗೆ ಕೂರಿಸಿದ ಪ್ರತಿಯೊಂದು ಪದಕ್ಕೂ ಒಂದೊಂದು ಸುಳುಹನ್ನು ಬರೆಯುವುದು ಎರಡನೆಯದು. ಮೊದಲನೆಯ ಕೆಲಸದಲ್ಲಿ ಪದದ ಅರ್ಥಕ್ಕೆ ಬೆಲೆಯೇ ಇಲ್ಲ. ಅದು ಎಷ್ಟು ಮನೆಗಳದು, ಅದರ ಮೂರನೆಯ ಮನೆಯಲ್ಲಿ ಯಾವ ಅಕ್ಷರ ಬೀಳುತ್ತದೆ ಎಂಬುದಷ್ಟೇ ಮುಖ್ಯ. ಎರಡನೆಯ ಕೆಲಸದಲ್ಲಿ ಅರ್ಥವೇ ಸರ್ವಸ್ವ. ಆಲಂಕಾರಿಕರ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಕೇವಲ ಶಬ್ದದ ವ್ಯಾಪಾರ, ಎರಡನೆಯದು ಅರ್ಥದ ವ್ಯಾಪಾರ. ಇವೆರಡಕ್ಕೂ ಬೇಕಾದ ಮನೋಧರ್ಮಗಳು ಬೇರೆ. ಚೌಕಟ್ಟನ್ನು ತುಂಬುವವನಿಗೆ ಬಡಗಿಯ ತಾಳ್ಮೆ ಬೇಕು. ಕೊನೆಯ ಮೂಲೆಯಲ್ಲಿ ಒಂದು ಪದವು ಕೂರದೆ ಹೋದರೆ ಅರ್ಧ ಚೌಕಟ್ಟನ್ನು ಅಳಿಸಿ ಮತ್ತೆ ತೊಡಗಬೇಕಾಗುತ್ತದೆ. ಸುಳುಹನ್ನು ಬರೆಯುವವನಿಗೆ ಬೇಕಾದುದು ಶ್ಲೇಷಕವಿಯ ಕಿವಿ. ಈ ಎರಡು ಗುಣಗಳೂ ಒಬ್ಬನಲ್ಲಿಯೇ ಸಮನಾಗಿ ಸೇರಿರುವುದು ಅಪೂರ್ವವಾದುದರಿಂದ, ಈ ಕಲೆಯು ಹುಟ್ಟಿದ ಕೆಲವೇ ವರ್ಷಗಳಲ್ಲಿ ಇಬ್ಬರು ಮೂವರು ಸೇರಿ ಮಾಡುವ ಕೆಲಸವಾದುದರಲ್ಲಿ ಆಶ್ಚರ್ಯವಿಲ್ಲ.

ಸಂಸ್ಕೃತ ಕನ್ನಡ ಸಾಹಿತ್ಯಗಳ ಅಭ್ಯಾಸಿಗಳಿಗೆ ಇಲ್ಲಿ ಚಿತ್ರಬಂಧಗಳ ನೆನಪು ಬಾರದಿರದು. ಭಾರವಿಯ ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿ ಸರ್ವತೋಭದ್ರವೆಂಬ ಶ್ಲೋಕವಿದೆ. ಅದರ ನಾಲ್ಕು ಪಾದಗಳನ್ನು ಎಂಟೆಂಟು ಮನೆಗಳ ಸಾಲುಗಳಲ್ಲಿ ಬರೆದು, ಅವುಗಳ ಕೆಳಗೆ ಅದೇ ಪಾದಗಳನ್ನು ಕೊನೆಯಿಂದ ಮೊದಲಿಗೆ ಮತ್ತೆ ಬರೆದರೆ, ೬೪ ಮನೆಗಳ ಆ ಚೌಕವು ಯಾವ ದಿಕ್ಕಿನಿಂದ ಓದಿದರೂ ಅದೇ ಶ್ಲೋಕವನ್ನು ಕೊಡುತ್ತದೆ. ಈ ಕವಿಯ ಹೆಸರು ಕ್ರಿ. ಶ. ೬೩೪ರ ಐಹೊಳೆಯ ಶಾಸನದಲ್ಲಿ ಕಾಳಿದಾಸನ ಹೆಸರಿನೊಡನೆ ಬಂದಿರುವುದು ಸುವಿದಿತವಾಗಿದೆ. ಗಂಗರಾಜನಾದ ದುರ್ವಿನೀತನು ಕಿರಾತಾರ್ಜುನೀಯದ ಹದಿನೈದನೆಯ ಸರ್ಗಕ್ಕೆ ಟೀಕೆಯನ್ನು ಬರೆದನೆಂದು ಆ ವಂಶದ ತಾಮ್ರಶಾಸನಗಳು ಹೇಳುತ್ತವೆ. ಅಷ್ಟು ಸರ್ಗಗಳಲ್ಲಿ ಚಿತ್ರಬಂಧಗಳಿಂದ ತುಂಬಿದ ಆ ಒಂದನ್ನೇ ಆತನು ಆರಿಸಿಕೊಂಡುದು ಗಮನಾರ್ಹ. ಬಿಡಿಸುವವನ ಸುಖವೂ ಕಟ್ಟುವವನ ಸುಖಕ್ಕೆ ಕಡಮೆಯಲ್ಲವೆಂಬುದಕ್ಕೆ ಕರ್ಣಾಟಕದಲ್ಲಿ ಇದಕ್ಕಿಂತ ಹಳೆಯ ನಿದರ್ಶನವು ದೊರೆಯುವುದು ಕಷ್ಟ.

ಆದರೂ ಚಿತ್ರಬಂಧವೇ ಪದಬಂಧದ ಮೂಲವೆಂದು ಹೇಳುವುದು ಅಭಿಮಾನದ ಮಾತೇ ಹೊರತು ಚರಿತ್ರೆಯ ಮಾತಲ್ಲ. ಚಿತ್ರಬಂಧದಲ್ಲಿ ಅಕ್ಷರಗಳೆಲ್ಲವೂ ಓದುವವನ ಕಣ್ಣೆದುರಿಗೇ ಇರುತ್ತವೆ. ಅಲ್ಲಿ ಯಾರನ್ನೂ ಏನನ್ನೂ ಕೇಳುವುದಿಲ್ಲ. ಕೇಳುವ ಜಾತಿಗೆ ಸೇರಿದುದು ಪ್ರಹೇಳಿಕೆ. ಅದರಲ್ಲಿ ಪ್ರಶ್ನೆಯುಂಟು, ಚೌಕವಿಲ್ಲ. ಇವೆರಡನ್ನೂ ಹೆಣೆದು, ಒಂದು ಪ್ರಶ್ನೆಯ ಉತ್ತರವೇ ಇನ್ನೊಂದು ಪ್ರಶ್ನೆಗೆ ಅರ್ಧ ಸುಳುಹಾಗುವಂತೆ ಮಾಡಿದುದು ಇಪ್ಪತ್ತನೆಯ ಶತಮಾನದ ಪತ್ರಿಕೋದ್ಯಮ. ಆದರೆ ಪ್ರಹೇಳಿಕೆಗಳ ಪ್ರಯೋಜನವನ್ನು ಕುರಿತು ದಂಡಿಯು ಕಾವ್ಯಾದರ್ಶದ ಮೂರನೆಯ ಪರಿಚ್ಛೇದದಲ್ಲಿ ಹೇಳಿರುವುದನ್ನು ಇಲ್ಲಿ ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು. ಆತನ ಅಭಿಪ್ರಾಯದಲ್ಲಿ ಅವು ಕ್ರೀಡಾಗೋಷ್ಠಿಯಲ್ಲಿ ವಿನೋದಕ್ಕೂ, ಬಲ್ಲವರು ಜನರ ನಡುವೆಯೇ ಗುಟ್ಟಾಗಿ ಮಾತನಾಡಿಕೊಳ್ಳುವುದಕ್ಕೂ, ಇತರರನ್ನು ಮರುಳುಮಾಡುವುದಕ್ಕೂ ಒದಗುತ್ತವೆ. ಮೊದಲನೆಯ ಮತ್ತು ಮೂರನೆಯ ಪ್ರಯೋಜನಗಳನ್ನು ಪದಬಂಧದ ಓದುಗರೆಲ್ಲರೂ ಬಲ್ಲರು. ಎರಡನೆಯದು ೧೯೪೪ರಲ್ಲಿ ಮುಂದೆ ಬಂದಿತು.

ಪದಬಂಧದ ಜನ್ಮದಿನವು ಖಚಿತವಾಗಿ ತಿಳಿದಿದೆ. ಲಿವರ್‌ಪೂಲಿನಲ್ಲಿ ೧೮೭೧ರಲ್ಲಿ ಹುಟ್ಟಿ ತರುಣನಾಗಿರುವಾಗಲೇ ಅಮೆರಿಕಕ್ಕೆ ಹೋದ ಆರ್ಥರ್ ವಿನ್ ಎಂಬಾತನು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯ ಭಾನುವಾರದ ವಿನೋದ ಪುರವಣಿಗೆ ಒಗಟುಗಳನ್ನು ಒದಗಿಸುತ್ತಿದ್ದನು. ೧೯೧೩ನೆಯ ಡಿಸೆಂಬರ್ ೨೧ರ ಸಂಚಿಕೆಯಲ್ಲಿ ಆತನು ವಜ್ರಾಕೃತಿಯ, ನಡುವೆ ಬರಿದಾದ ಒಂದು ಚೌಕಟ್ಟನ್ನು ಪ್ರಕಟಿಸಿದನು. ಅದರಲ್ಲಿ ಕಪ್ಪುಮನೆಗಳಿರಲಿಲ್ಲ. ಪುರವಣಿಯ ಹೆಸರಾದ ‘ಫನ್’ ಎಂಬ ಪದವು ಮೇಲ್ಭಾಗದಲ್ಲಿ ಮೊದಲೇ ತುಂಬಿತ್ತು. ಆತನು ಇಟ್ಟ ಹೆಸರು ‘ವರ್ಡ್‌ಕ್ರಾಸ್’. ಕೆಲವು ವಾರಗಳಲ್ಲಿ ಅಚ್ಚಿನ ಮನೆಯಲ್ಲಿ ಅದರ ಎರಡು ಭಾಗಗಳು ಹಿಂದುಮುಂದಾಗಿ ‘ಕ್ರಾಸ್‌ವರ್ಡ್’ ಆಯಿತು. ಹೀಗೆ ಈ ಕಲೆಯ ಹೆಸರಿನಲ್ಲಿಯೇ ಕರ್ತೃವಲ್ಲದವನ ಕೈ ಸೇರಿಕೊಂಡಿತು.

ವಿನ್ನನ ಈ ಮೊದಲ ರಚನೆಯನ್ನು ಇಂದು ಪರೀಕ್ಷಿಸಿದರೆ ಒಂಟಿಯಾಗಿ ಕೆಲಸಮಾಡಿದವನ ಗುಣದೋಷಗಳೆರಡೂ ಕಾಣುತ್ತವೆ. ಪಾರಿವಾಳದ ಜಾತಿಯ ಹಕ್ಕಿಯೊಂದರ ಹೆಸರು, ಅದೇ ಅಕ್ಷರಗಳಲ್ಲಿ, ಎರಡು ಕಡೆ ಉತ್ತರವಾಗಿ ಬಂದಿದೆ. ಒಮ್ಮೆ ಅದರ ಸುಳುಹು ‘ಹಕ್ಕಿ’, ಇನ್ನೊಮ್ಮೆ ‘ಪಾರಿವಾಳ’. ಗೋಮುಟಿ ಎಂಬ ತಾಳೆಮರದ ನಾರಿನ ಹೆಸರನ್ನು ಕೇಳುವ ಸುಳುಹೊಂದಿದೆ; ನ್ಯೂಯಾರ್ಕಿನ ಓದುಗನಿಗೆ ನಿಘಂಟಿನ ಹೊರಗೆ ಅದು ಎಲ್ಲಿಯೂ ದೊರಕುವಂತಹುದಲ್ಲ. ತುಂಬದೆ ಉಳಿದ ಮೂರು ಮನೆಗಳಿಗೆ ಸಿಕ್ಕಿದ ಪದವನ್ನು ಹಾಕಿದಂತೆ ತೋರುತ್ತದೆ. ಪಕ್ಕದಲ್ಲಿ ಕುಳಿತು ಓದುವ ಎರಡನೆಯ ಜೊತೆ ಕಣ್ಣುಗಳಿದ್ದಿದ್ದರೆ ಇವೆರಡೂ ಉಳಿಯುತ್ತಿರಲಿಲ್ಲ. ಆದರೂ ಓದುಗರು ಮೆಚ್ಚಿದರು. ಮೆಚ್ಚಿದುದಷ್ಟೇ ಅಲ್ಲ, ೧೯೧೪ರಿಂದ ತಾವೇ ರಚಿಸಿ ಕಳುಹಿಸತೊಡಗಿದರು. ಕೆಲವು ಕಾಲದಲ್ಲಿ ವಿನ್ನನ ಮುಖ್ಯ ಕೆಲಸವು ರಚಿಸುವುದಲ್ಲದೆ ಬಂದುದನ್ನು ಆರಿಸುವುದಾಯಿತು.

ಆತನ ಬಳಿಕ ಆ ಭಾರವು ಪತ್ರಿಕೆಯ ಕಚೇರಿಯಲ್ಲಿದ್ದ ಮಾರ್ಗರೆಟ್ ಪೆದರ್‌ಬ್ರಿಜ್ ಎಂಬ ತರುಣಿಯ ಮೇಲೆ ಬಿದ್ದಿತು. ಈಕೆಯು ಮದುವೆಯಾದ ಮೇಲೆ ಮಾರ್ಗರೆಟ್ ಫರಾರ್ ಎಂದು ಪ್ರಸಿದ್ಧಳಾದಳು. ಮೊದಮೊದಲು ಈಕೆಗೆ ಆ ಕೆಲಸದಲ್ಲಿ ಗೌರವವಿರಲಿಲ್ಲ. ನೋಡುವುದಕ್ಕೆ ಅಂದವಾದುದನ್ನು ಪರೀಕ್ಷಿಸದೆ ಅಚ್ಚಿಗೆ ಕಳುಹಿಸಿಬಿಡುತ್ತಿದ್ದಳು. ಅದೇ ಪತ್ರಿಕೆಯ ಅಂಕಣಕಾರನಾದ ಫ್ರಾಂಕ್ಲಿನ್ ಆಡಮ್ಸ್ ಎಂಬಾತನು ಪ್ರತಿವಾರವೂ ತಪ್ಪುಗಳನ್ನು ಎತ್ತಿ ತೋರಿಸುತ್ತಿದ್ದನು. ಕೊನೆಗೆ ಒಂದು ಪದಬಂಧವನ್ನು ತಾನೇ ಬಿಡಿಸಲು ಕುಳಿತಾಗ ಓದುಗರ ಕಷ್ಟವು ಆಕೆಗೆ ಗೊತ್ತಾಯಿತು. ಬಿಟ್ಟುಹೋದ ಸುಳುಹುಗಳು, ತಪ್ಪಿದ ಸಂಖ್ಯೆಗಳು, ಕೋಶದಲ್ಲಿಲ್ಲದ ಪದಗಳು ಒಂದೊಂದಾಗಿ ಎದುರಾದುವು. ಅಂದಿನಿಂದ ಆಕೆಯು ಕೈಕೊಂಡ ಸುಧಾರಣೆಗಳು ಈ ಕಲೆಗೆ ಲಕ್ಷಣಶಾಸ್ತ್ರವೇ ಆದುವು. ಚೌಕಟ್ಟನ್ನು ತಲೆಕೆಳಗು ಮಾಡಿ ಹಿಡಿದರೂ ಕಪ್ಪುಮನೆಗಳ ವಿನ್ಯಾಸವು ಅದೇ ಆಗಿರಬೇಕು. ಯಾವ ಭಾಗವೂ ಉಳಿದುದರಿಂದ ಕಡಿದುಹೋಗಬಾರದು. ಕಪ್ಪುಮನೆಗಳು ಒಟ್ಟಿನಲ್ಲಿ ಆರರಲ್ಲೊಂದು ಪಾಲನ್ನು ಮೀರಬಾರದು. ಮೂರು ಅಕ್ಷರಗಳಿಗೆ ಕಡಮೆಯಾದ ಪದವು ಕೂಡದು. ಅಮೆರಿಕದ ಪದಬಂಧಕಾರರು ಇಂದಿಗೂ ಸಾಮಾನ್ಯವಾಗಿ ಇವುಗಳಿಗೆ ಬದ್ಧರಾಗಿದ್ದಾರೆ.

ಇವುಗಳಿಗಿಂತಲೂ ಮುಖ್ಯವಾದುದು ಇನ್ನೊಂದಿದೆ. ಸುಳುಹನ್ನು ಬರೆದವನು ಅದರ ಗುಣವನ್ನು ತಾನೇ ಅಳೆಯಲಾರನು. ಉತ್ತರವು ಆತನಿಗೆ ಮೊದಲೇ ತಿಳಿದಿರುತ್ತದೆ. ಆದುದರಿಂದ ಎಲ್ಲ ಸುಳುಹುಗಳೂ ಆತನಿಗೆ ಒಂದೇ ಪ್ರಕಾರವಾಗಿ ಸುಲಭವಾಗಿಯೇ ಕಾಣುತ್ತವೆ. ಅದೇ ಸುಳುಹಿಗೆ ಅಷ್ಟೇ ಮನೆಗಳ ಬೇರೊಂದು ಪದವೂ ಸರಿಹೊಂದುತ್ತದೆಯೆಂಬುದು ಆತನಿಗೆ ಹೊಳೆಯುವುದೇ ಇಲ್ಲ. ಇದು ಬುದ್ಧಿಯ ದೋಷವಲ್ಲ, ನಿಂತ ಜಾಗದ ದೋಷ. ಉತ್ತರವನ್ನರಿಯದ ಇನ್ನೊಬ್ಬನು ಬಿಡಿಸಿ ನೋಡಿದ ಹೊರತು ಪದಬಂಧವು ಸಿದ್ಧವಾಯಿತೆಂದು ಹೇಳುವಂತಿಲ್ಲ. ಆದುದರಿಂದ ಈ ಕಲೆಯಲ್ಲಿ ಗೆಳೆಯನಿರುವುದು ಸುಖಕ್ಕಾಗಿ ಮಾತ್ರವಲ್ಲ, ಪ್ರಮಾಣಕ್ಕಾಗಿಯೂ ಆಗಿದೆ.

ಪೆದರ್‌ಬ್ರಿಜ್‌ಳ ಜೊತೆಗೆ ಅದೇ ಕಚೇರಿಯ ಗ್ರೆಗರಿ ಹಾರ್ಟ್ಸ್‌ವಿಕ್, ಪ್ರಾಸ್ಪರ್ ಬುರಾನೆಲ್ಲಿ ಎಂಬ ಇಬ್ಬರು ಸೇರಿ ೧೯೨೪ರ ಏಪ್ರಿಲಿನಲ್ಲಿ ಪದಬಂಧಗಳ ಮೊದಲನೆಯ ಪುಸ್ತಕವನ್ನು ಹೊರಡಿಸಿದರು. ಆಗತಾನೆ ಹುಟ್ಟಿದ ಸೈಮನ್ ಮತ್ತು ಶುಸ್ಟರ್ ಸಂಸ್ಥೆಯವರು ಹಾಸ್ಯಾಸ್ಪದರಾದೇವೆಂಬ ಭಯದಿಂದ ಅದರ ಮೇಲೆ ತಮ್ಮ ಹೆಸರನ್ನು ಹಾಕದೆ ಬೇರೊಂದು ಹೆಸರನ್ನು ಹಾಕಿ ೩೬೦೦ ಪ್ರತಿಗಳನ್ನು ಅಚ್ಚುಹಾಕಿಸಿದರು. ಪ್ರತಿಯೊಂದಕ್ಕೂ ಒಂದು ಸೀಸದಕಡ್ಡಿಯನ್ನು ಕಟ್ಟಿದ್ದರು. ಆ ವರ್ಷವು ಮುಗಿಯುವುದರೊಳಗೆ ಅಂತಹ ಸಂಗ್ರಹಗಳು ಲಕ್ಷಗಟ್ಟಲೆ ಮಾರಾಟವಾದುವು. ಈ ಹುಚ್ಚನ್ನು ಖಂಡಿಸಿ ಆಗ ಸಂಪಾದಕೀಯ ಬರೆದ ‘ನ್ಯೂಯಾರ್ಕ್ ಟೈಮ್ಸ್’ ೧೯೪೨ರ ಫೆಬ್ರವರಿಯಲ್ಲಿ ತಾನೇ ಪದಬಂಧವನ್ನು ಆರಂಭಿಸಿ, ಅದರ ಸಂಪಾದಕತ್ವಕ್ಕೆ ಮಾರ್ಗರೆಟ್ ಫರಾರ್‌ಳನ್ನೇ ಕರೆಯಿತು.

ಅಟ್ಲಾಂಟಿಕ್ಕನ್ನು ದಾಟಿದಾಗ ಈ ಕಲೆಯ ಸ್ವರೂಪವೇ ಬದಲಾಯಿಸಿತು. ಅಮೆರಿಕದ ಸುಳುಹು ಬಹುಮಟ್ಟಿಗೆ ಪರ್ಯಾಯಪದ ಅಥವಾ ವಿವರಣೆ. ಅಲ್ಲಿಯ ಕೌಶಲವೆಲ್ಲ ಚೌಕಟ್ಟಿನಲ್ಲಿದೆ. ಇಂಗ್ಲೆಂಡಿನಲ್ಲಿ ಚೌಕಟ್ಟು ಸಡಿಲವಾಗಿ, ಪದದ ಅಕ್ಷರಗಳಲ್ಲಿ ಸುಮಾರು ಅರ್ಧ ಮಾತ್ರ ಅಡ್ಡಪದಗಳಿಗೆ ಸೇರುವಂತಾಯಿತು. ಕೌಶಲವು ಸುಳುಹಿಗೆ ಹೋಯಿತು. ಈ ಪರಿವರ್ತನೆಗೆ ಮುಖ್ಯ ಕಾರಣನಾದವನು ಎಡ್ವರ್ಡ್ ಪೊವಿಸ್ ಮೇದರ್ಸ್. ಕನ್ನಡಿಗರಿಗೆ ಈತನಲ್ಲಿ ವಿಶೇಷವಾದ ಆಸಕ್ತಿಯಿರಬೇಕಾದ ಕಾರಣವೊಂದುಂಟು. ಕಲ್ಯಾಣದ ಚಾಲುಕ್ಯ ಚಕ್ರವರ್ತಿಯಾದ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ವಿಕ್ರಮಾಂಕದೇವಚರಿತವನ್ನು ಬರೆದ ಬಿಲ್ಹಣನದೆಂದು ಪ್ರಸಿದ್ಧವಾದ ಚೌರಪಂಚಾಶಿಕೆಯನ್ನು ೧೯೧೯ರಲ್ಲಿ ಸ್ವತಂತ್ರವಾದ ಇಂಗ್ಲಿಷ್ ಪದ್ಯಗಳಾಗಿ ಮಾರ್ಪಡಿಸಿದವನು ಈ ಮೇದರ್ಸನೇ. ಅರೇಬಿಯನ್ ಕಥಾಸಹಸ್ರವನ್ನೂ ಫ್ರೆಂಚಿನಿಂದ ಇಂಗ್ಲಿಷಿಗೆ ತಂದನು. ಭಾಷಾಂತರಕಾರನು ಪದಬಂಧಕಾರನಾದುದು ಆಕಸ್ಮಿಕವಲ್ಲ. ಒಂದು ಅರ್ಥಕ್ಕೆ ಹತ್ತು ಮಾತುಗಳನ್ನು ತೂಗಿ ನೋಡುವ ಅಭ್ಯಾಸವೇ ತಿರುಗಿ ನಿಂತು, ಒಂದು ಮಾತಿಗೆ ಹತ್ತು ಅರ್ಥಗಳನ್ನು ಹುಡುಕತೊಡಗಿತು.

ಈತನು ೧೯೨೬ರಿಂದ ೧೯೩೯ರಲ್ಲಿ ತೀರಿಕೊಳ್ಳುವವರೆಗೆ ‘ಅಬ್ಸರ್ವರ್’ ಪತ್ರಿಕೆಗೆ ಸುಮಾರು ೬೭೦ ಪದಬಂಧಗಳನ್ನು ಒದಗಿಸಿದನು. ಸ್ಪೇನ್ ದೇಶದ ಕ್ರೂರ ಧರ್ಮಾಧಿಕಾರಿಯಾದ ತೊರ್ಕೆಮಾದನ ಹೆಸರನ್ನು ತನ್ನ ಅಂಕಿತವಾಗಿ ಇಟ್ಟುಕೊಂಡನು. ಪ್ರಾಸಬದ್ಧವಾದ ಸುಳುಹುಗಳು, ಕಪ್ಪುಮನೆಗಳ ಬದಲು ದಪ್ಪ ಗೆರೆಗಳಿಂದಲೇ ಪದಗಳನ್ನು ಬೇರ್ಪಡಿಸುವ ಚೌಕಟ್ಟುಗಳು, ಪುರಾಣ ಕಾವ್ಯಗಳ ಜ್ಞಾನವನ್ನು ಬೇಡುವ ಉತ್ತರಗಳು ಈತನ ರಚನೆಯ ಲಕ್ಷಣಗಳು. ೧೯೩೪ರಲ್ಲಿ ಪ್ರಕಟವಾದ ಒಗಟಿನ ಪುಸ್ತಕದಲ್ಲಿ ನೂರು ಪುಟಗಳ ಕೊಲೆಯ ಕಥೆಯೊಂದನ್ನು ಪುಟಗಳ ಕ್ರಮವನ್ನೇ ತಪ್ಪಿಸಿ ಅಚ್ಚುಹಾಕಿಸಿ, ಸರಿಯಾದ ಕ್ರಮವನ್ನು ಕಂಡುಹಿಡಿಯುವಂತೆ ಓದುಗರನ್ನು ಆಹ್ವಾನಿಸಿದನು. ಆ ಕಾಲದಲ್ಲಿ ಅದನ್ನು ಬಿಡಿಸಿದವರು ಇಬ್ಬರೇ.

ಇಷ್ಟು ವಿಲಕ್ಷಣವಾದ ಪ್ರತಿಭೆಯ ಕೃತಿಗಳನ್ನು ಏಕಾಂತದ ಸೃಷ್ಟಿಯೆಂದು ಭಾವಿಸುವುದು ಸಹಜ. ಆದರೆ ಆತನ ಮರಣಾನಂತರ ೧೯೪೨ರಲ್ಲಿ ಹೊರಬಂದ ಆಯ್ದ ಪದಬಂಧಗಳ ಸಂಪುಟದಲ್ಲಿ ಆತನ ಪತ್ನಿ ರೋಸಮಂಡ್ ತಮ್ಮ ಕಾರ್ಯಕ್ರಮವನ್ನು ವಿವರಿಸಿದ್ದಾಳೆ. ಮೇದರ್ಸನು ವಸ್ತುವೊಂದನ್ನು ಗೊತ್ತುಮಾಡಿ, ಅದಕ್ಕೆ ಒಪ್ಪುವ ಪದಗಳ ಪಟ್ಟಿಯನ್ನು ಬರೆದು ಆಕೆಗೆ ಕೊಡುತ್ತಿದ್ದನು. ಅವುಗಳನ್ನು ಚೌಕಟ್ಟಿನಲ್ಲಿ ಹೆಣೆದು ಕೊಡುವುದು ಆಕೆಯ ಕೆಲಸ. ಆ ಬಳಿಕ ಆತನು ಪುಸ್ತಕಗಳನ್ನು ಸುತ್ತಲೂ ಹರಡಿಕೊಂಡು ಸುಳುಹುಗಳನ್ನು ಬರೆಯುತ್ತಿದ್ದನು. ಪತ್ರಿಕೆಯಲ್ಲಿ ಅಚ್ಚಾಗುತ್ತಿದ್ದ ಅಂಕಿತ ಒಂದೇ, ಕೈಗಳು ಎರಡು. ಸುಳುಹುಗಳ ಚಮತ್ಕಾರಕ್ಕೆ ಮನಸೋತ ವಿಮರ್ಶಕರು ಮೇದರ್ಸನನ್ನು ಹೊಗಳುವಾಗ ಚೌಕಟ್ಟಿನ ಶ್ರಮವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಟ್ಟಿಯ ಪದಗಳು ಒಂದಕ್ಕೊಂದು ಹೊಂದದಿದ್ದಾಗ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು, ನಡುವಿನ ತೆರಪುಗಳಿಗೆ ಯಾವ ಹೊಸ ಪದಗಳನ್ನು ತರಬೇಕು ಎಂಬುದನ್ನು ನಿರ್ಧರಿಸುವುದು ಚೌಕಟ್ಟನ್ನು ತುಂಬುವ ಕೈ. ಮೇದರ್ಸನು ಸುಳುಹು ಬರೆದ ಎಷ್ಟೋ ಪದಗಳು ಆತನ ಆಯ್ಕೆಯೇ ಅಲ್ಲವೆಂದು ಇದರಿಂದ ಊಹಿಸಬೇಕಾಗುತ್ತದೆ. ತಾನು ಬಯಸದೆ ಬಂದ ಪದಕ್ಕೆ ಸುಳುಹು ಬರೆಯಬೇಕಾದ ಕಟ್ಟುಪಾಡು, ಇನ್ನೊಬ್ಬನು ಕೊಟ್ಟ ಕೊನೆಯ ಪಾದಕ್ಕೆ ಶ್ಲೋಕವನ್ನು ಪೂರ್ತಿಮಾಡುವ ಸಮಸ್ಯಾಪೂರಣದ ಕಟ್ಟುಪಾಡನ್ನು ಹೋಲುತ್ತದೆ. ಎರಡರಲ್ಲಿಯೂ ತೊಡಕೇ ಪ್ರತಿಭೆಗೆ ಸಾಣೆ.

‘ಟೈಮ್ಸ್’ ಪತ್ರಿಕೆಯ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ೧೯೩೦ನೆಯ ಫೆಬ್ರವರಿ ೧ರಂದು ಅದರ ದಿನಸಂಚಿಕೆಯಲ್ಲಿ ಪದಬಂಧವು ಆರಂಭವಾದಾಗ ಅದನ್ನು ರಚಿಸಿದವನು ಏಡ್ರಿಯನ್ ಬೆಲ್ ಎಂಬ ಒಕ್ಕಲುತನದ ಗ್ರಂಥಕರ್ತ. ಅದಕ್ಕೆ ಮೊದಲು ಆತನು ಒಂದು ಪದಬಂಧವನ್ನಾದರೂ ಬಿಡಿಸಿದವನಲ್ಲ. ಮೇದರ್ಸನ ನಿರಂಕುಶತೆಗೆ ಕಡಿವಾಣ ಹಾಕಿದವರು ಇಬ್ಬರು ಉಪಾಧ್ಯಾಯರು. ವೆಲ್ಸ್ ಎಂಬ ಊರಿನ ಶಾಲೆಯ ಮುಖ್ಯಸ್ಥನಾಗಿದ್ದ ಎ. ಎಫ್. ರಿಚಿಯು ‘ಲಿಸನರ್’ ಪತ್ರಿಕೆಗೆ ಆಫ್ರಿತ್ ಎಂಬ ಭೂತದ ಹೆಸರಿನಲ್ಲಿ ಪದಬಂಧಗಳನ್ನು ಬರೆಯುತ್ತಿದ್ದನು; ಆ ಹೆಸರು ಆತನ ನಾಮಾಕ್ಷರಗಳಲ್ಲಿಯೇ ಅಡಗಿರುವುದನ್ನು ಓದುಗರು ಗಮನಿಸಬಹುದು. ವಾಚ್ಯಾರ್ಥವು ಓದುಗನನ್ನು ದಾರಿ ತಪ್ಪಿಸಬಹುದು, ಆದರೆ ಪದಗಳ ಅನ್ವಯವು ಮೋಸ ಮಾಡಬಾರದೆಂಬುದು ೧೯೪೯ರ ತನ್ನ ಗ್ರಂಥದಲ್ಲಿ ಆತನು ಸ್ಥಾಪಿಸಿದ ನಿಯಮದ ಸಾರ. ಮೇದರ್ಸನ ಬಳಿಕ ‘ಅಬ್ಸರ್ವರ್’ ಪೀಠವನ್ನೇರಿದ ಡಿ. ಎಸ್. ಮ್ಯಾಕ್‌ನಟ್ ಗ್ರೀಕ್ ಲ್ಯಾಟಿನ್ ಭಾಷೆಗಳ ಅಧ್ಯಾಪಕ. ಕ್ಸಿಮೆನೆಸ್ ಎಂಬುದು ಈತನ ಅಂಕಿತ. ೧೯೬೬ರಲ್ಲಿ ಈತನು ಬರೆದ ಲಕ್ಷಣಗ್ರಂಥವು ಇಂದಿಗೂ ಪ್ರಮಾಣವಾಗಿದೆ. ಉತ್ತರದ ಪದವೊಂದನ್ನು ಕೊಟ್ಟು, ಅದಕ್ಕೆ ಸುಳುಹನ್ನು ಬರೆದು ಕಳುಹಿಸುವಂತೆ ಓದುಗರನ್ನು ಕೇಳಿ, ಬಂದವುಗಳ ಗುಣದೋಷಗಳನ್ನು ವಿಮರ್ಶಿಸಿ ಬಹುಮಾನ ಕೊಡುವ ಪದ್ಧತಿಯನ್ನು ಈತನು ಬೆಳೆಸಿದನು. ಬಿಡಿಸುವವನು ಹೀಗೆ ಕಟ್ಟುವವನ ಶಿಷ್ಯನಾದನು.

ಈಗ ೧೯೪೪ರ ಪ್ರಕರಣಕ್ಕೆ ಬರಬಹುದು. ‘ಡೈಲಿ ಟೆಲಿಗ್ರಾಫ್’ ಪತ್ರಿಕೆಯಲ್ಲಿ ೧೯೨೫ರಲ್ಲಿ ಪದಬಂಧವು ಆರಂಭವಾದಂದಿನಿಂದ ೧೯೬೩ರಲ್ಲಿ ತಾನು ಸಾಯುವವರೆಗೆ ಅದನ್ನು ಒದಗಿಸಿದವನು ಲಿಯೊನಾರ್ಡ್ ಡಾ. ಯೌವನದಲ್ಲಿ ಸೌತಾಂಪ್ಟನ್ ತಂಡದ ಕಾಲ್ಚೆಂಡಾಟಗಾರನಾಗಿದ್ದ ಈತನು ಲಂಡನ್ನಿನ ಸ್ಟ್ರಾಂಡ್ ಶಾಲೆಯ ಮುಖ್ಯೋಪಾಧ್ಯಾಯನಾಗಿದ್ದನು. ಯುದ್ಧಕಾಲದಲ್ಲಿ ಬಾಂಬುಗಳ ಭಯದಿಂದ ಆ ಶಾಲೆಯು ಸರ್ರೆ ಪ್ರಾಂತದ ಎಫಿಂಗ್‌ಹ್ಯಾಮ್ ಎಂಬ ಹಳ್ಳಿಗೆ ಸ್ಥಳಾಂತರ ಹೊಂದಿತ್ತು. ಅದೇ ಪತ್ರಿಕೆಗೆ ಪದಬಂಧಗಳನ್ನು ರಚಿಸುತ್ತಿದ್ದ ಇನ್ನೊಬ್ಬನು ಡಾನ ಗೆಳೆಯನಾದ ಮೆಲ್ವಿಲ್ ಜೋನ್ಸ್.

ಮೊದಲನೆಯ ಸಂಶಯವು ೧೯೪೨ರಲ್ಲಿಯೇ ಹುಟ್ಟಿತ್ತು. ಆ ವರ್ಷದ ಆಗಸ್ಟ್ ೧೭ರ ಪದಬಂಧದಲ್ಲಿ ಫ್ರಾನ್ಸಿನ ರೇವುಪಟ್ಟಣವೊಂದನ್ನು ಕೇಳಿದ್ದರು. ಮರುದಿನ ಅಚ್ಚಾದ ಉತ್ತರ ‘ಡಿಯೆಪ್’. ೧೯ರಂದು ಮಿತ್ರಸೈನ್ಯವು ಆ ಪಟ್ಟಣದ ಮೇಲೆ ದಾಳಿಯಿಟ್ಟು, ಭಾರಿಯಾದ ಸಾವುನೋವನ್ನು ಅನುಭವಿಸಿ ಹಿಮ್ಮೆಟ್ಟಿತು. ಮಡಿದವರಲ್ಲಿ ಕೆನಡಾದವರೇ ಹೆಚ್ಚು. ವಿಚಾರಣೆ ನಡೆದು ಅದು ಕಾಕತಾಳೀಯವೆಂದು ತೀರ್ಮಾನವಾಯಿತು. ಎರಡು ವರ್ಷಗಳ ಬಳಿಕ ನಾರ್ಮಂಡಿಯ ತೀರದಲ್ಲಿ ಇಳಿಯುವ ಸಿದ್ಧತೆಯು ಅತ್ಯಂತ ಗುಪ್ತವಾಗಿ ನಡೆಯುತ್ತಿರುವಾಗ, ಮೇ ೨ರಂದು ‘ಯೂಟಾ’, ೨೨ರಂದು ‘ಒಮಾಹಾ’, ೨೭ರಂದು ‘ಓವರ್‌ಲಾರ್ಡ್’, ೩೦ರಂದು ‘ಮಲ್ಬೆರಿ’, ಜೂನ್ ಆರಂಭದಲ್ಲಿ ‘ನೆಪ್ಚೂನ್’ ಎಂಬ ಪದಗಳು ಆ ಪತ್ರಿಕೆಯ ಪದಬಂಧಕ್ಕೆ ಉತ್ತರಗಳಾಗಿ ಬಂದುವು. ಇವುಗಳಲ್ಲಿ ಮೊದಲನೆಯ ಎರಡು ಅಮೆರಿಕದ ಸೈನ್ಯವು ಇಳಿಯಬೇಕಾಗಿದ್ದ ಕಡಲತಡಿಗಳ ಗುಪ್ತನಾಮಗಳು; ಮೂರನೆಯದು ಇಡೀ ಕಾರ್ಯಾಚರಣೆಯದು; ನಾಲ್ಕನೆಯದು ತೇಲಿಸಿಕೊಂಡು ಹೋಗಬೇಕಾಗಿದ್ದ ಕೃತಕ ಬಂದರಿನದು; ಕೊನೆಯದು ನೌಕಾಬಲದ ಪಾತ್ರದ್ದು. ಸೈನ್ಯವು ಇಳಿದುದು ಜೂನ್ ೬ರಂದು.

ಡಾನನ್ನು ಪ್ರಶ್ನಿಸಿದ ಅಧಿಕಾರಿಗಳು ಬಳಿಕ ಬರಿ ಸೇಂಟ್ ಎಡ್ಮಂಡ್ಸಿಗೆ ಹೋಗಿ ಮೆಲ್ವಿಲ್ ಜೋನ್ಸನನ್ನೂ ಪ್ರಶ್ನಿಸಿದರು. ತಮ್ಮನ್ನು ಒಳಹೊರಗೆಲ್ಲ ಶೋಧಿಸಿದರೆಂದು ಡಾ ೧೯೫೮ರಲ್ಲಿ ದೂರದರ್ಶನದ ಸಂದರ್ಶನವೊಂದರಲ್ಲಿ ಹೇಳಿದನು. ಪದಬಂಧದಲ್ಲಿ ಇಂಥ ಪದವನ್ನೇ ಏಕೆ ಬಳಸಿದೆಯೆಂದು ಕೇಳಿದರೆ ಯಾವ ಪದಬಂಧಕಾರನೂ ಉತ್ತರ ಹೇಳಲಾರನು; ಅದು ಆ ಮನೆಗಳಿಗೆ ಸರಿ ಬಂತು, ಅಷ್ಟೆ. ದಂಡಿಯು ಹೇಳಿದ ಎರಡನೆಯ ಪ್ರಯೋಜನವನ್ನು ಮನಸ್ಸಿನಲ್ಲಿಟ್ಟುಕೊಂಡು ಬಂದವರಿಗೆ ಆ ಉತ್ತರವು ಎಷ್ಟು ಅತೃಪ್ತಿಕರವಾಗಿದ್ದಿರಬೇಕೆಂಬುದನ್ನು ಊಹಿಸಬಹುದು. ಇದೇ ಪತ್ರಿಕೆಯು ೧೯೪೨ರ ಜನವರಿಯಲ್ಲಿ ಹನ್ನೆರಡು ನಿಮಿಷಗಳೊಳಗೆ ಪದಬಂಧವನ್ನು ಬಿಡಿಸುವ ಸ್ಪರ್ಧೆಯನ್ನು ಏರ್ಪಡಿಸಿದ್ದಾಗ, ಅದರಲ್ಲಿ ಪಾಲ್ಗೊಂಡ ಕೆಲವರನ್ನು ಸರ್ಕಾರವು ಶತ್ರುವಿನ ಗೂಢಲಿಪಿಗಳನ್ನು ಒಡೆಯುವ ಬ್ಲೆಚ್ಲಿ ಪಾರ್ಕಿನ ಕೆಲಸಕ್ಕೆ ಸೇರಿಸಿಕೊಂಡಿತ್ತು. ಬಿಡಿಸುವವರನ್ನು ನಂಬಿದ ಸರ್ಕಾರವು ಕಟ್ಟುವವರನ್ನು ಶಂಕಿಸಿತು. ಕೊನೆಗೆ ಇಬ್ಬರೂ ನಿರ್ದೋಷಿಗಳೆಂದು ಬಿಡುಗಡೆಯಾದರು.

ನಲವತ್ತು ವರ್ಷಗಳ ಬಳಿಕ, ೧೯೮೪ರಲ್ಲಿ, ಆ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬನು ಬಹಿರಂಗವಾಗಿ ಹೇಳಿಕೆ ಕೊಟ್ಟನು. ಡಾ ಬರಿಯ ಚೌಕಟ್ಟುಗಳನ್ನು ಹುಡುಗರ ಮುಂದಿಟ್ಟು, ಪದಗಳನ್ನು ತುಂಬುವಂತೆ ಹೇಳುತ್ತಿದ್ದನು. ಹುಡುಗರು ತುಂಬಿ ಕೊಟ್ಟುದಕ್ಕೆ ತಾನು ಸುಳುಹುಗಳನ್ನು ಬರೆಯುತ್ತಿದ್ದನು. ಸಮೀಪದಲ್ಲಿ ಬೀಡುಬಿಟ್ಟಿದ್ದ ಅಮೆರಿಕ ಮತ್ತು ಕೆನಡಾದ ಸೈನಿಕರೊಡನೆ ಹುಡುಗರಿಗೆ ಸಲಿಗೆಯಿತ್ತು. ಅವರ ಬಾಯಲ್ಲಿ ಕೇಳಿದ ಮಾತುಗಳನ್ನು ತಾನು ಚೌಕಟ್ಟಿನಲ್ಲಿ ಬರೆದೆನೆಂದು ಆತನು ಹೇಳಿದನು. ವಿಚಾರಣೆಯ ಬಳಿಕ ಮುಖ್ಯೋಪಾಧ್ಯಾಯನು ತನ್ನನ್ನು ಕರೆದು, ಟಿಪ್ಪಣಿಯ ಪುಸ್ತಕಗಳನ್ನು ಸುಡಿಸಿ, ಯಾರಿಗೂ ಹೇಳದಂತೆ ಪ್ರಮಾಣ ಮಾಡಿಸಿಕೊಂಡನೆಂದೂ ಸೇರಿಸಿದನು.

ಈ ಸಾಕ್ಷ್ಯವನ್ನು ತೂಗುವಾಗ ಎಚ್ಚರಿಕೆ ಬೇಕು. ಅದು ನಲವತ್ತು ವರ್ಷಗಳ ಹಿಂದಿನ ಬಾಲ್ಯದ ನೆನಪು. ಡಾ ಆಗ ಬದುಕಿರಲಿಲ್ಲ. ಯೂಟಾ, ಒಮಾಹಾಗಳು ಅಮೆರಿಕದ ಪ್ರಸಿದ್ಧ ಸ್ಥಳನಾಮಗಳು, ಮಲ್ಬೆರಿಯು ಹಿಪ್ಪುನೇರಿಳೆ, ನೆಪ್ಚೂನನು ಸಮುದ್ರದೇವತೆ. ಸ್ವರಗಳು ಹೆಚ್ಚಾಗಿರುವ ಮೊದಲನೆಯ ಎರಡು ಪದಗಳು ಚೌಕಟ್ಟನ್ನು ತುಂಬುವವರಿಗೆ ತಾವಾಗಿ ಒದಗಿಬರುವಂತಹವು. ವಾರಕ್ಕೆ ಆರು ಪದಬಂಧಗಳು ಅಚ್ಚಾಗುವಲ್ಲಿ ಇವು ಬರುವುದು ಅಸಂಭವವೇನಲ್ಲ. ಆದರೆ ‘ಓವರ್‌ಲಾರ್ಡ್’ ಅಷ್ಟು ಸಾಧಾರಣವಾದ ಪದವಲ್ಲ. ಐದೂ ಒಂದೇ ತಿಂಗಳಿನ ಅವಧಿಯಲ್ಲಿ ಬಂದುದು ಅದಕ್ಕಿಂತಲೂ ವಿಶೇಷ. ಹಳೆಯ ವಿದ್ಯಾರ್ಥಿಯ ಮಾತಿಗೆ ನಿಜವಾದ ಬಲ ಬರುವುದು ಈ ಕಲೆಯ ಚರಿತ್ರೆಯಿಂದ. ಚೌಕಟ್ಟು ಒಬ್ಬರದು, ಸುಳುಹು ಇನ್ನೊಬ್ಬರದು ಎಂಬ ವ್ಯವಸ್ಥೆಯು ಮೇದರ್ಸನ ಮನೆಯಲ್ಲಿ ನಡೆದಂತೆಯೇ ಎಫಿಂಗ್‌ಹ್ಯಾಮಿನ ಶಾಲೆಯಲ್ಲಿಯೂ ನಡೆದಿತ್ತೆಂದು ನಂಬುವುದಕ್ಕೆ ಏನೂ ಅಡ್ಡಿಯಿಲ್ಲ. ಹಾಗಿದ್ದಲ್ಲಿ ವಿಚಾರಣೆಯ ಕಾಲದಲ್ಲಿ ಡಾ ಸುಳ್ಳು ಹೇಳಿರಲಿಲ್ಲ: ಪದಗಳು ಎಲ್ಲಿಂದ ಬಂದುವೆಂಬುದು ಆತನಿಗೆ ಆಗ ಗೊತ್ತಿದ್ದಿರಲಾರದು. ಗುಪ್ತಚರರು ಕರ್ತೃವನ್ನು ಸರಿಯಾಗಿಯೇ ಹಿಡಿದರು. ಆದರೆ ಸುಳುಹಿನ ಕರ್ತೃವನ್ನು ಹಿಡಿದರು. ಅವರಿಗೆ ಬೇಕಾಗಿದ್ದವನು ಚೌಕಟ್ಟಿನ ಕರ್ತೃ. ಅಪಾಯದ ಮೂಲವು ಹದಿನಾಲ್ಕು ವರ್ಷದ ಹುಡುಗನೊಬ್ಬನ ಕಿವಿಯಾಗಿದ್ದಿತೆಂಬುದು, ಅದು ನಿಜವಾದರೆ, ಗೂಢಚಾರನಿದ್ದನೆಂಬುದಕ್ಕಿಂತ ಹೆಚ್ಚು ಕಳವಳಕಾರಿಯಾದ ಸಂಗತಿ. ಗೂಢಚಾರನಿಗಾದರೆ ತಾನು ಮಾಡುವುದೇನೆಂದು ತಿಳಿದಿರುತ್ತದೆ.

ಕನ್ನಡದಲ್ಲಿ ಪದಬಂಧವು ಈಗ ಪತ್ರಿಕೆಗಳ ನಿತ್ಯವಿಧಿಗಳಲ್ಲಿ ಒಂದಾಗಿದೆ, ಅ. ನಾ. ಪ್ರಹ್ಲಾದರಾವ್ ಅವರಂತೆ ಸಾವಿರಾರು ಪದಬಂಧಗಳನ್ನು ಒಬ್ಬರೇ ರಚಿಸಿದವರೂ ಇದ್ದಾರೆ. ಅವರ ಶ್ರಮದ ಅಳತೆಯನ್ನು ಇಂಗ್ಲಿಷಿನ ಮಾನದಿಂದ ತಿಳಿಯಲಾಗದು. ಇಂಗ್ಲಿಷಿನಲ್ಲಿ ಒಂದು ಮನೆಗೆ ಬರಬಹುದಾದ ಲಿಪಿಗಳು ಇಪ್ಪತ್ತಾರು. ಕನ್ನಡದಲ್ಲಿ ಮನೆಯೊಳಗೆ ಕೂರುವುದು ವ್ಯಂಜನ ಸ್ವರಗಳೆರಡೂ ಕೂಡಿದ ಅಕ್ಷರ; ಗುಣಿತಾಕ್ಷರಗಳೇ ನಾನೂರಕ್ಕೆ ಮಿಕ್ಕುತ್ತವೆ, ಸಂಯುಕ್ತಾಕ್ಷರಗಳನ್ನು ಸೇರಿಸಿದರೆ ಸಂಖ್ಯೆಯು ಎಷ್ಟೋ ಪಾಲು ಬೆಳೆಯುತ್ತದೆ. ‘ಕರ್ನಾಟಕ’ ಎಂಬ ಪದವು ನಾಲ್ಕು ಮನೆಗಳನ್ನು ಹಿಡಿಯುತ್ತದೆ. ಅದರ ಎರಡನೆಯ ಮನೆಯನ್ನು ಹಾಯುವ ಅಡ್ಡಪದವನ್ನು ಹುಡುಕಿದರೆ ‘ದುರ್ನಾತ’ದಂತಹ ಒಂದೆರಡು ಮಾತುಗಳ ಆಚೆಗೆ ಹೋಗುವುದು ಕಷ್ಟ. ಫರಾರ್‌ಳ ನಿಯಮದಂತೆ ಎಲ್ಲ ಮನೆಗಳೂ ಎರಡು ಪದಗಳಿಗೆ ಸೇರಬೇಕೆಂದರೆ ಕನ್ನಡದಲ್ಲಿ ದೊಡ್ಡ ಚೌಕಟ್ಟೇ ಏಳಲಾರದು. ಅದಕ್ಕೆ ಪ್ರತಿಯಾಗಿ ಭಾಷೆಯು ಸುಳುಹುಗಾರನಿಗೆ ಉದಾರವಾಗಿದೆ. ‘ನದಿ’ಯನ್ನು ಅಕ್ಷರಶಃ ತಿರುಗಿಸಿದರೆ ‘ದಿನ’ವಾಗುತ್ತದೆ, ಹಿಂದಕ್ಕೆ ಹರಿದ ಹೊಳೆಗೆ ಇಪ್ಪತ್ತನಾಲ್ಕು ಗಂಟೆ ಎಂಬ ಸುಳುಹು ತಾನಾಗಿ ಸಿದ್ಧವಾಗುತ್ತದೆ. ತೆರಿಗೆಯ ಪಕ್ಕದಲ್ಲಿ ಬಟ್ಟೆ, ಮುಖ ಒರಸುವುದಕ್ಕೆ ತಕ್ಕುದು ಎಂದರೆ ‘ಕರವಸ್ತ್ರ’. ಪದವಿಭಾಗಕ್ಕೂ ಸಭಂಗಶ್ಲೇಷಕ್ಕೂ ಪಳಗಿದ ಓದುಗರಿಗೆ ಇದರಲ್ಲಿ ಹೊಸದೇನೂ ಇಲ್ಲ. ರಿಚಿಯ ನಿಯಮವನ್ನು ಅವರಿಗೆ ಬೇರೆಯಾಗಿ ಬೋಧಿಸಬೇಕಾಗಿಯೂ ಇಲ್ಲ. ಆದರೆ ‘ಕರವಸ್ತ್ರ’ದ ಕೊನೆಯ ಮನೆಯಲ್ಲಿ ಕುಳಿತಿರುವುದು ಮೂರು ವ್ಯಂಜನಗಳ ಸಂಯುಕ್ತಾಕ್ಷರ, ಅದನ್ನು ‘ಶಾಸ್ತ್ರ’ ಅಥವಾ ‘ಅಸ್ತ್ರ’ದ ಕೊನೆಗೆ ಹಾಯಿಸಬೇಕು, ಇಲ್ಲವೆ ‘ಸ್ತ್ರೀ’ಗೂ ‘ಸ್ತ್ರ’ಕ್ಕೂ ಭೇದವೆಣಿಸದೆ ಓದುಗರಿಂದ ಆಕ್ಷೇಪಣೆಯ ಪತ್ರಗಳನ್ನು ತರಿಸಿಕೊಳ್ಳಬೇಕು, ಅದೂ ಬೇಡವಾದರೆ ಅಡ್ಡಪದವಿಲ್ಲದೆ ಅದರ ಸುತ್ತಲೂ ಕಪ್ಪುಮನೆಗಳನ್ನು ಎಳೆಯಬೇಕು.